ಗೋಡೆ ಸರಿಯಾಗಿತ್ತು

ಅಣ್ಣ ಆವತ್ತು ಅವನ ಹೆಸರು ಎತ್ತಲೇ ಇಲ್ಲ. ಹೆಸರು ಹಿಡಿದು ಬೈದಿದ್ದರೂ, ಎಲ್ಲರೆದುರು ಕೆನ್ನೆಗೆ ಬಾರಿಸಿದ್ದರೂ ತಡೆದುಕೊಳ್ಳಬಹುದಿತ್ತು. ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜಿನ ಆಚೆ ಕೂತವರು "ಕುಸಿತಕ್ಕೆ ಕಾರಣ ಏನಿರಬಹುದು?" ಎಂದು ಕೇಳಿದಾಗ, ಅಣ್ಣ ಕನ್ನಡಕ ತೆಗೆದ, ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಹಾಕಿಕೊಂಡ. "ಗೋಡೆ ಸರಿಯಾಗಿತ್ತು" ಎಂದ. ಅಷ್ಟೇ.

ನೆಲಮಾಳಿಗೆಗೆಂದು ಅಗೆದ ಗುಂಡಿ ಕುಸಿಯಬೇಕಾದರೆ ಎರಡರಲ್ಲಿ ಒಂದು ಆಗಬೇಕು. ಸುತ್ತಲ ಮಣ್ಣನ್ನು ತಡೆದು ನಿಲ್ಲಿಸಿದ ಗೋಡೆ ಸೋಲಬೇಕು, ಇಲ್ಲವೇ ನೆಲದೊಳಗಿನ ನೀರನ್ನು ಎಳೆದು ಹೊರಹಾಕುವ ಪಂಪು ನಿಲ್ಲಬೇಕು. ಗೋಡೆ ಅಣ್ಣನದು, ನೀರು ಅವನದು. ಗೋಡೆ ಸರಿಯಾಗಿತ್ತು ಎಂದ ಮೇಲೆ ಉಳಿದದ್ದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮೇಜಿನಾಚೆಯವರೆಲ್ಲ ಒಟ್ಟಿಗೆ ಅವನ ಕಡೆ ತಿರುಗಿದರು.

ಕರೆಂಟು ಹೋದಾಗ ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ ಎಂಬುದು ನಿಜ. ಅದನ್ನು ನೋಡಬೇಕಾದವನು ತಾನೇ ಎಂಬುದೂ ನಿಜ. ಆದರೆ ತರಿಸಿಡು ಎಂದು ಸ್ಟೋರಿನವನಿಗೆ ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಹೇಳಿದ್ದೆನೋ, ಹೇಳಬೇಕು ಅಂದುಕೊಂಡಿದ್ದೆನೋ ಎಂಬ ಸಣ್ಣ ಅನುಮಾನವನ್ನು ಅವನು ವರ್ಷಗಟ್ಟಲೆ ಉಜ್ಜಿ ಉಜ್ಜಿ ಅಳಿಸಿಹಾಕಿದ್ದ. ಆ ಕುಸಿತದಲ್ಲಿ ಅಗೆಯುವ ಆಳೊಬ್ಬ ಎರಡೂ ಕಾಲು ಕಳೆದುಕೊಂಡ. ಇವನು ಕಳೆದುಕೊಂಡದ್ದು ಇಂಜಿನಿಯರನ ಪರವಾನಗಿಯನ್ನು. ತನ್ನ ನಷ್ಟವೇ ದೊಡ್ಡದೆಂದು ಅವನು ಎಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಒಳಗೊಳಗೆ ಹಾಗೆಂದೇ ನಂಬಿದ್ದ.

ಪರವಾನಗಿ ಹೋದವನಿಗೆ ಕೆಲಸ ಕೊಟ್ಟವನೂ ಅಣ್ಣನೇ. ಅದು ಇನ್ನೂ ಕೆಟ್ಟದಾಗಿತ್ತು. ಮುಂಚೆ ಸೈಟಿನಲ್ಲಿ ಅಣ್ಣನನ್ನು 'ದೊಡ್ಡವರು' ಎಂದೂ ಅವನನ್ನು 'ಚಿಕ್ಕವರು' ಎಂದೂ ಕರೆಯುತ್ತಿದ್ದರು. ಈಗ ದೊಡ್ಡವರು ದೊಡ್ಡವರಾಗಿಯೇ ಉಳಿದರು, ಅವನು 'ಪಂಪಣ್ಣ' ಆದ. ಹೊಸದಾಗಿ ಬಂದ ಆಳುಗಳು ಅದು ಅಪ್ಪ ಅಮ್ಮ ಇಟ್ಟ ಹೆಸರೆಂದೇ ತಿಳಿದು "ಪಂಪಣ್ಣೋರೇ" ಎಂದು ಮರ್ಯಾದೆಯಿಂದಲೇ ಕೂಗುತ್ತಿದ್ದರು. ಹಳಬರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ನಕ್ಕು ಮುಗಿದ ಮೇಲೆ ದವಡೆ ನೋಯುತ್ತಿತ್ತು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಒಂದು ಭಾನುವಾರ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಮುಂದಿನ ತಿಂಗಳಿಂದ ಅಳಿಯ ಬರ್ತಾನೆ. ನೀರಿನ ಕಡೆದು ಅವನು ನೋಡ್ಕೊಳ್ಳಲಿ. ನೀನು ಆಫೀಸಲ್ಲಿ ಕೂತ್ಕೋ, ಸುಧಾರಿಸ್ಕೋ."

ಅಣ್ಣನಿಗೆ ಒಬ್ಬಳೇ ಮಗಳು. ಅವಳ ಗಂಡ ಇಂಜಿನಿಯರಿಂಗ್ ಓದಿದ್ದ, ಮಣ್ಣಿನ ವಾಸನೆ ಕಂಡವನಲ್ಲ. ಹೆಲ್ಮೆಟ್ ಹಾಕಿಕೊಂಡರೂ ತಲೆಗೂದಲು ಕೆಡದಂತೆ ಹಾಕಿಕೊಳ್ಳುವ ಜಾತಿ.

"ಆಫೀಸಲ್ಲಿ ನಾನು ಏನು ಮಾಡ್ಲಿ?" ಎಂದು ಅವನು ಕೇಳಿದ.

"ಏನೂ ಮಾಡ್ಬೇಡ. ಎಷ್ಟು ವರ್ಷ ಅಂತ ಕೆಸರಲ್ಲಿ ಒದ್ದಾಡ್ತೀಯ?"

ಅತ್ತಿಗೆ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. "ಬೇಡ ಅನ್ಬೇಡಿ, ಇಳಿದುಹೋಗಿದ್ದೀರಿ" ಎಂದರು. ಅವನು ಬೇಡ ಎನ್ನಲಿಲ್ಲ. ಒಂದು ಅಗುಳೂ ಬಿಡದೆ ಉಂಡ. ಕೈ ತೊಳೆಯುವಾಗ ನಲ್ಲಿಯ ನೀರನ್ನು ನೋಡುತ್ತ ಸುಮಾರು ಹೊತ್ತು ನಿಂತಿದ್ದ. ನೀರು ಕೂಡ ತನ್ನದಲ್ಲ ಅಂದರೆ ಇನ್ನು ತನ್ನದು ಯಾವುದು? ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಅವನ ಮನಸ್ಸು ಸೈಟಿನ ಮೂಲೆಗೆ ಹೋಗಿ ನಿಂತಿತು.

ಸೈಟು ಪೇಟೆಯ ನಡುವೆ ಇತ್ತು. ಒಂದು ಬದಿಗೆ ಹಳೆಯ ವಸತಿ ಕಟ್ಟಡ, ಇನ್ನೊಂದು ಬದಿಗೆ ರಸ್ತೆ, ನಡುವೆ ಕಾರುಗಳನ್ನು ಇಳಿಸಿ ನಿಲ್ಲಿಸಲು ಆಳವಾಗಿ ಅಗೆದ ಗುಂಡಿ. ಸುತ್ತಲೂ ನೆಲದೊಳಕ್ಕೆ ಇಳಿಸಿದ ಉಕ್ಕಿನ ಕಂಬಗಳು, ಕಂಬಗಳ ನಡುವೆ ದಪ್ಪ ಹಲಗೆಗಳು, ಈ ಗೋಡೆಯಿಂದ ಆ ಗೋಡೆಗೆ ಒತ್ತಿ ಹಿಡಿದ ಉಕ್ಕಿನ ತೊಲೆಗಳು. ಗೋಡೆಯ ಹಿಂದೆ ಸಾಲಾಗಿ ಕೊಳವೆ ಬಾವಿಗಳು, ಪ್ರತಿಯೊಂದರಲ್ಲೂ ಪಂಪು. ಅವು ಬಿಡದೆ ಎಳೆದರೆ ಮಾತ್ರ ನೆಲದ ನೀರು ಗುಂಡಿಯ ತಳಕ್ಕಿಂತ ಕೆಳಗೆ ಇರುತ್ತಿತ್ತು, ಕೆಳಗಿನವರ ಕಾಲು ಒಣಗಿರುತ್ತಿತ್ತು.

ರಸ್ತೆಯೂ ಹಳೆಯ ಕಟ್ಟಡವೂ ಕೂಡುವ ಮೂಲೆಯಲ್ಲಿ ಮಾತ್ರ ಜೇಡಿಮಣ್ಣು ತೆಳುವಾಗಿ, ಅದರಡಿ ಸಣ್ಣ ಮರಳಿನ ಪದರವಿತ್ತು. ಮರಳು ಒಣಗಿದ್ದಾಗ ಬಂಡೆಯ ಹಾಗೆ ನಿಲ್ಲುತ್ತದೆ. ಕೆಳಗಿನಿಂದ ನೀರು ಒತ್ತಿದರೆ ಕುದಿಯುವ ಗಂಜಿಯಾಗುತ್ತದೆ. ಗೋಡೆಯ ಬುಡ ಆ ಗಂಜಿಯಲ್ಲಿ ನಿಂತರೆ ಎಂಥ ಗೋಡೆಯೂ ನಿಲ್ಲಲಾರದು. ಇದನ್ನು ಅವನು ಪುಸ್ತಕದಲ್ಲಿ ಓದಿದ್ದ, ಕಣ್ಣಾರೆ ನೋಡಿದ್ದ, ಅದಕ್ಕೆ ದಂಡವನ್ನೂ ಕಟ್ಟಿದ್ದ.

ಪಂಪು ನಿಲ್ಲಿಸುವುದು ದಡ್ಡರ ಉಪಾಯ. ನಿಂತ ಪಂಪಿಗೆ ಮೀಟರಿನಲ್ಲಿ ಸಾಕ್ಷಿ ಉಳಿಯುತ್ತದೆ, ಫಲಕದಲ್ಲಿ ಕೆಂಪು ದೀಪ ಹತ್ತುತ್ತದೆ. ಅದಕ್ಕೂ ಮಿಗಿಲಾಗಿ, ಸದ್ದು ನಿಂತರೆ ಮಲಗಿದವನಿಗೂ ಎಚ್ಚರವಾಗುತ್ತದೆ. ಅವನ ಉಪಾಯದಲ್ಲಿ ಒಂದು ಪಂಪೂ ನಿಲ್ಲುತ್ತಿರಲಿಲ್ಲ. ಎಲ್ಲವೂ ಎಂದಿನಂತೆ ಗುಂಯ್‌ಗುಡುತ್ತಲೇ ಇರುತ್ತಿದ್ದವು.

ಆ ಮೂಲೆಯ ಹಿಂದೆ ಒಂದು ಇಂಗುಬಾವಿ ಇತ್ತು. ನೆಲದ ನೀರನ್ನು ತೀರಾ ಎಳೆದುಬಿಟ್ಟರೆ ಹಳೆಯ ಕಟ್ಟಡದ ತಳ ಕುಸಿದು ಬಿರುಕು ಬಿಡಬಹುದೆಂದು, ಎಳೆದ ನೀರಿನಲ್ಲಿ ಒಂದಿಷ್ಟನ್ನು ಅದರ ಮೂಲಕ ಮಣ್ಣಿಗೆ ಹಿಂದಕ್ಕೆ ಇಂಗಿಸುತ್ತಿದ್ದರು. ರಸ್ತೆ ಬದಿಯ ಬಾವಿಗಳ ನೀರೆಲ್ಲ ಪಂಪಿನ ಶೆಡ್ಡಿಗೆ ಬಂದು ಒಂದು ದಪ್ಪ ಪೈಪು ಸೇರುತ್ತಿತ್ತು. ಅಲ್ಲಿ ಒಂದು ವಾಲ್ವು. ಅದನ್ನು ಒಂದು ಕಡೆ ತಿರುಗಿಸಿದರೆ ನೀರು ಹೊರಗಿನ ಪೈಪು ಹಿಡಿದು, ಬೇಲಿಯಡಿ ನುಸುಳಿ, ಮುಚ್ಚಿದ ಚರಂಡಿಗೆ ಹೋಗುತ್ತಿತ್ತು. ಇನ್ನೊಂದು ಕಡೆ ತಿರುಗಿಸಿದರೆ ಅಷ್ಟೂ ನೀರು ಇಂಗುಬಾವಿಗೆ. ಅಂದರೆ, ಗೋಡೆಯ ಬೆನ್ನಿಗೆ.

ಎಳೆದ ನೀರನ್ನೇ ಎಳೆದ ಜಾಗಕ್ಕೆ ಸುರಿಯುವುದು! ಪಂಪುಗಳು ಓಡುತ್ತವೆ, ಮೀಟರು ಓಡುತ್ತದೆ, ಹಸಿರು ದೀಪ ಉರಿಯುತ್ತದೆ. ಇತ್ತ ಮರಳಿನೊಳಗೆ ನೀರು ಮೇಲೇರುತ್ತದೆ. ಕೆಲಸವಾದ ಮೇಲೆ ವಾಲ್ವು ಹಿಂದಕ್ಕೆ ತಿರುಗಿಸಿದರೆ ಲೋಕದಲ್ಲಿ ಏನೂ ನಡೆದೇ ಇಲ್ಲ. ಇದು ಹೊಳೆದ ದಿನ ಅವನು ಶೆಡ್ಡಿನಲ್ಲಿ ಒಬ್ಬನೇ ಕೂತು ನಕ್ಕ. ಆಗ ದವಡೆ ನೋಯಲಿಲ್ಲ.

ಉಳಿದದ್ದು ಅಣ್ಣ. ಮಧ್ಯಾಹ್ನ ಆಳುಗಳೆಲ್ಲ ಊಟಕ್ಕೆ ಮೇಲೆ ಹತ್ತಿದ ಮೇಲೆ ಅಣ್ಣ ಒಬ್ಬನೇ ಕೆಳಗಿಳಿಯುವುದು ಹಳೆಯ ಅಭ್ಯಾಸ. ಕೈಯಲ್ಲೊಂದು ಚಿಕ್ಕ ಸುತ್ತಿಗೆ. ಒಂದೊಂದೇ ತೊಲೆಯನ್ನು ತಟ್ಟಿ, ಕಿವಿಗೊಟ್ಟು ಕೇಳುತ್ತ ಗೋಡೆಯ ಉದ್ದಕ್ಕೂ ಹೋಗುತ್ತಿದ್ದ. ಜನರಿದ್ದರೆ ಸದ್ದು ಸರಿಯಾಗಿ ಕೇಳುವುದಿಲ್ಲವಂತೆ. ಗುಂಡಿಯ ತಳದಲ್ಲಿ ನೀರು ಒಸರುವುದು ಕಂಡರೆ ಬೇರೆ ಯಾರಾದರೂ ಏಣಿಯ ಕಡೆ ಓಡುತ್ತಾರೆ. ಅಣ್ಣ ಹಾಗಲ್ಲ, ಹತ್ತಿರ ಹೋಗುತ್ತಾನೆ. ಮಂಡಿಯೂರಿ ಕೂತು ಅಂಗೈ ಇಟ್ಟು, ನೀರು ತಿಳಿಯಾಗಿದೆಯೋ ಮರಳನ್ನು ಹೊತ್ತು ತರುತ್ತಿದೆಯೋ ಎಂದು ನೋಡುತ್ತಾನೆ. ಹಾಗೆ ನೋಡುವುದನ್ನು ತಮ್ಮನಿಗೆ ಕಲಿಸಿದವನೂ ಅವನೇ. ಅಣ್ಣನ ಈ ಗುಣವೇ ಉಪಾಯದ ಕೊನೆಯ ಮೊಳೆ ಎಂದು ತಮ್ಮ ಲೆಕ್ಕ ಹಾಕಿದ್ದ.

ಬೇರೆ ಯಾರೂ ಸಾಯಬಾರದು ಎಂಬ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು. ತಾನು ಕೊಲೆಗಡುಕನಲ್ಲವಲ್ಲ! ಅದಕ್ಕೇ ಬೆಳಗಿನಿಂದ ವಾಲ್ವನ್ನು ಅರ್ಧ ಮಾತ್ರ ತಿರುಗಿಸಿ ನೀರನ್ನು ನಿಧಾನಕ್ಕೆ ಏರಿಸುವುದು, ಆಳುಗಳನ್ನು ಆಚೆ ಬದಿಯ ಅಗೆತಕ್ಕೆ ಹಚ್ಚುವುದು, ಊಟದ ಹೊತ್ತು ಸಮೀಪಿಸಿದಾಗ ಪೂರ್ತಿ ತಿರುಗಿಸುವುದು ಎಂದು ನಿಶ್ಚಯಿಸಿದ. ಒಂದು ದಿನ ನಿಜವಾಗಿಯೇ ಪಂಪೊಂದು ಕೆಟ್ಟಾಗ, ಮಣ್ಣಿನಲ್ಲಿ ನಿಲ್ಲಿಸಿದ ಅಳತೆಯ ಕೊಳವೆಗೆ ಟೇಪು ಇಳಿಸಿ ಇಳಿಸಿ, ನೀರು ಎಷ್ಟು ಬೇಗ ಏರುತ್ತದೆ ಎಂದು ನೋಡಿಕೊಂಡಿದ್ದ. "ಪಂಪಣ್ಣೋರು ಪಂಪಿಗೆ ಜ್ವರ ನೋಡ್ತಿದ್ದಾರೆ" ಎಂದು ಯಾರೋ ನಗೆಯಾಡಿದ್ದರು. ಒಂದು ವೇಳೆ ಅಂದುಕೊಂಡ ದಿನ ಗೋಡೆ ಬೀಳದಿದ್ದರೂ ಚಿಂತೆಯಿಲ್ಲ. ವಾಲ್ವು ಹಿಂದಕ್ಕೆ ತಿರುಗಿಸಿ ಮನೆಗೆ ಹೋಗುವುದು, ಇನ್ನೊಂದು ದಿನ ನೋಡುವುದು. ಸೋತರೂ ಏನೂ ಹೋಗದ ಆಟ ಅದು.

ಬಿದ್ದ ಮೇಲೆ ಹೇಳಬೇಕಾದ ಮಾತೂ ತಯಾರಿತ್ತು. ಹಳೆಯ ಪೇಟೆ. ರಸ್ತೆಯಡಿ ಯಾವ ಕಾಲದ ಯಾವ ಕೊಳಾಯಿ ಒಡೆದು ಮಣ್ಣನ್ನು ಕೊರೆಯುತ್ತಿದೆಯೋ ಬಲ್ಲವರಾರು? ಪಂಪುಗಳಂತೂ ಓಡುತ್ತಿದ್ದವು. ಈ ಸಲ ನೀರು ಸರಿಯಾಗಿತ್ತು.

ಆ ದಿನ ಬೆಳಿಗ್ಗೆ ಅವನು ಎಂದಿನಂತೆ ಬಂದ, ಎಂದಿನಂತೆ ಪಂಪುಗಳ ಮೇಲೆ ಕೈಯಿಟ್ಟು ನೋಡಿದ, ವಾಲ್ವನ್ನು ಅರ್ಧ ತಿರುಗಿಸಿದ. ಇಂಗುಬಾವಿಯ ಪೈಪಿನೊಳಗೆ ನೀರು ನುಗ್ಗುವ ಸದ್ದು ಕೇಳಿಸಿತು. ಶೆಡ್ಡಿನ ಬಾಗಿಲು ಮುಚ್ಚಿದರೆ ಅದೂ ಕೇಳಿಸುತ್ತಿರಲಿಲ್ಲ.

ಅರ್ಧ ಬೆಳಗು ಕಳೆದಿತ್ತು. ಅಣ್ಣ ಶೆಡ್ಡಿಗೆ ಬಂದ. ಕೈಯಲ್ಲಿ ಎರಡು ಲೋಟ ಚಹಾ. ಒಂದನ್ನು ತಮ್ಮನಿಗೆ ಕೊಟ್ಟು, ಬಕೆಟ್ ಮಗುಚಿ ಹಾಕಿಕೊಂಡು ಅದರ ಮೇಲೆ ಕೂತ.

"ಅಳಿಯನ ವಿಷಯಕ್ಕೆ ನಿಂಗೆ ಬೇಜಾರಾಗಿದೆ ಅಂದ್ಲು ನಿಮ್ಮತ್ತಿಗೆ."

"ಬೇಜಾರು ಏನಕ್ಕೆ? ನಿನ್ನ ಸೈಟು, ನಿನ್ನ ಅಳಿಯ."

"ಹಂಗಲ್ಲ ಕಣೋ." ಅಣ್ಣ ಲೋಟದೊಳಗೆ ನೋಡಿದ. "ನೀನು ಏಣಿ ಹತ್ತೋವಾಗ ನಾನು ನೋಡ್ತೀನಿ. ಎಡಗಾಲು ಎಳೀತೀಯ. ಕೆಳಗೆ ನಿಂತು ನೋಡ್ತಾ ಇದ್ರೆ ನಂಗೆ ಜೀವ ಬಾಯಿಗೆ ಬರುತ್ತೆ. ಅಪ್ಪ ಹೋಗೋವಾಗ ನಿನ್ನ ಕೈನ ನನ್ನ ಕೈಲಿ ಇಟ್ಟು ಹೋದ್ರು. ಅದು ನಿಂಗೆ ನೆನಪಿದೆಯೋ ಇಲ್ವೋ."

ತಮ್ಮನ ಬೆನ್ನ ಹಿಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ವಾಲ್ವಿನ ಚಕ್ರ ಇತ್ತು. ಒಮ್ಮೆ ಹಿಂದಕ್ಕೆ ತಿರುಗಿಸಿಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಮರಳು ಮತ್ತೆ ಒಣಗುತ್ತದೆ. ಈ ಯೋಚನೆ ಬಂತು, ಒಂದು ಕ್ಷಣ ನಿಂತಿತು ಕೂಡ. ಆಗ ಅಣ್ಣ ಕನ್ನಡಕ ತೆಗೆದ, ಅಂಗಿಯ ತುದಿಯಿಂದ ಒರೆಸತೊಡಗಿದ. ತಮ್ಮನ ಎದೆಯೊಳಗೆ ಏನೋ ಕಲ್ಲಾಗಿ ಕೂತುಬಿಟ್ಟಿತು.

"ಚಹಾ ಆರಿಹೋಗಿದೆ" ಎಂದ ಅವನು.

"ಸಂಜೆ ಮನೆಗೆ ಬಾ, ಮಾತಾಡೋಣ" ಎಂದು ಅಣ್ಣ ಎದ್ದ. ಹೋಗುವಾಗ ಲೋಟಗಳನ್ನು ತಾನೇ ತೆಗೆದುಕೊಂಡು ಹೋದ.

ಊಟದ ಗಂಟೆಗೆ ಸ್ವಲ್ಪ ಮುಂಚೆ ಅವನು ವಾಲ್ವನ್ನು ಕೊನೆಯವರೆಗೂ ತಿರುಗಿಸಿದ. ಆಳುಗಳು ಒಬ್ಬೊಬ್ಬರಾಗಿ ಏಣಿ ಹತ್ತಿ ಮೇಲೆ ಬಂದರು. ಕೈಕಾಲು ತೊಳೆದರು, ಬೇಲಿಯ ನೆರಳಲ್ಲಿ ಬುತ್ತಿ ಬಿಚ್ಚಿದರು. ಅಣ್ಣ ಸುತ್ತಿಗೆ ಹಿಡಿದು ಕೆಳಗಿಳಿದ. ಎಲ್ಲವೂ ಬರೆದಿಟ್ಟ ಹಾಗೇ ನಡೆಯುತ್ತಿತ್ತು. ಅಷ್ಟರಲ್ಲಿ ಮೇಸ್ತ್ರಿ ಏಣಿಯ ಕಡೆ ನಡೆಯುವುದು ಕಂಡಿತು.

"ಎಲ್ಲಿಗೆ ಮೇಸ್ತ್ರಿ?"

"ಕನ್ನಡಕದ ಡಬ್ಬಿ ಕೆಳಗೇ ಬಿಟ್ಟೆ. ತಗೊಂಡು ಬಂದೆ ಅಂತ ತಿಳ್ಕೊಳ್ಳಿ."

"ಆಮೇಲೆ ತಂದ್ರಾಯ್ತು. ಬನ್ನಿ ಇಲ್ಲಿ, ಈ ಪೈಪು ಒಂಚೂರು ಹಿಡ್ಕೊಳ್ಳಿ."

"ಊಟದ ಹೊತ್ತಲ್ಲಿ ಪೈಪಾ? ಪಂಪಣ್ಣೋರೇ, ನಿಮಗೆ ಹೊಟ್ಟೆ ಇದೆಯೋ ಅದ್ರಲ್ಲೂ ನೀರೇ ತುಂಬಿದೆಯೋ?" ಮೇಸ್ತ್ರಿ ಗೊಣಗುತ್ತ ಹಿಂದೆ ಬಂದ. ತನ್ನ ಜೀವ ಉಳಿಯಿತೆಂದು ಅವನಿಗೆ ಗೊತ್ತಾಗಲಿಲ್ಲ. ಒಬ್ಬ ಮನುಷ್ಯನ ಪ್ರಾಣ ಉಳಿಸಿದ ಸಮಾಧಾನ ಇವನಿಗೆ ನಿಜವಾಗಿಯೂ ಆಯಿತು.

ಮೇಸ್ತ್ರಿ ಹಿಡಿಯಬೇಕಿಲ್ಲದ ಪೈಪನ್ನು ಹಿಡಿದು ನಿಂತಿದ್ದಾಗ ಕೆಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಟಣ್. ಸ್ವಲ್ಪ ಬಿಟ್ಟು ಮತ್ತೆ ಟಣ್. ಮೂಲೆಯ ಹತ್ತಿರ ಬಂದಂತೆ ಸದ್ದು ಮಂದವಾಯಿತು. ಆಮೇಲೆ ನಿಂತಿತು. ಅಣ್ಣ ನೀರು ಒಸರುವುದನ್ನು ಕಂಡನೆಂದು, ಮಂಡಿಯೂರಿದನೆಂದು ಅವನಿಗೆ ನೋಡದೆಯೇ ತಿಳಿಯಿತು. ಅಣ್ಣನ ದನಿ ಕೇಳಿಸಿತು. ಅವನು ತಮ್ಮನನ್ನೇ ಕೂಗುತ್ತಿದ್ದ. ಪಂಪಣ್ಣ ಎಂದಲ್ಲ, ಚಿಕ್ಕಂದಿನಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹಿಡಿದು. "ಬೇಗ ಬಾರೋ ಇಲ್ಲಿ, ಮರಳು ಬರ್ತಾ ಇದೆ!"

ಮೊದಲು ಹಲಗೆ ಸೀಳುವ ಸದ್ದು. ಆಮೇಲೆ ಉಕ್ಕಿನ ತೊಲೆ ಕಳಚಿ ಬಿದ್ದ ಸದ್ದು. ಕೊನೆಗೆ ನೆಲವೇ ಒಮ್ಮೆ ಉಸಿರು ಬಿಟ್ಟಂತೆ, ಭಾರವಾದ, ಉದ್ದವಾದ ಸದ್ದು. ರಸ್ತೆಯ ಅಂಚು ಕಾಲುದಾರಿಯ ಸಮೇತ ಗುಂಡಿಗೆ ಜಾರಿತು.

ಬುತ್ತಿ ಬಿಟ್ಟು ಎಲ್ಲರೂ ಗುಂಡಿಯ ಕಡೆ ಓಡಿದರು. ಅವನೂ ಓಡಿದ, ಆದರೆ ಶೆಡ್ಡನ್ನು ಹಾದು. ವಾಲ್ವಿನ ಚಕ್ರ ಹಿಂದಕ್ಕೆ ತಿರುಗಿಸುವುದಕ್ಕೆ ಉಸಿರು ಎಳೆದು ಬಿಡುವಷ್ಟು ಹೊತ್ತೂ ಹಿಡಿಯಲಿಲ್ಲ. ಮೂಲೆಯ ಬಾವಿ ಮಣ್ಣಿನೊಂದಿಗೆ ಹೋಗಿತ್ತು, ಉಳಿದ ಪಂಪುಗಳು ನಿಷ್ಠೆಯಿಂದ ನೀರು ಎಳೆಯುತ್ತಲೇ ಇದ್ದವು. ಎಲೆಕ್ಟ್ರಿಷಿಯನ್ ಓಡಿಬಂದು ಸೈಟಿನ ಕರೆಂಟು ಕಡಿಯುವ ಹೊತ್ತಿಗೆ ಅವನು ಆಗಲೇ ಕೆಳಗಿದ್ದ. ಎರಡೂ ಕೈಯಲ್ಲಿ ಮಣ್ಣು ಬಗೆಯುತ್ತಿದ್ದ. ಉಗುರು ಕಿತ್ತು ರಕ್ತ ಬಂತು. "ಅಣ್ಣಾ, ಅಣ್ಣಾ" ಎಂದು ಅವನು ಕೂಗಿದ್ದರಲ್ಲಿ ನಟನೆ ಎಷ್ಟು, ನಿಜ ಎಷ್ಟು ಎಂಬುದು ಅವನಿಗೇ ತಿಳಿಯಲಿಲ್ಲ. ಕಣ್ಣೀರಂತೂ ನಿಜವಾಗಿಯೇ ಬಂದಿತು, ನಿಲ್ಲಿಸಲು ಹೋದರೂ ನಿಲ್ಲಲಿಲ್ಲ. ಮೇಸ್ತ್ರಿ ಅವನನ್ನು ಹಿಂದಿನಿಂದ ತಬ್ಬಿ ಎಳೆದುಕೊಂಡು ಹೋಗಬೇಕಾಯಿತು.

ಅಣ್ಣನನ್ನು ಹೊರತೆಗೆದಾಗ ಒಂದು ಕೈಯ ಮುಷ್ಟಿಯ ತುಂಬ ಮರಳಿತ್ತು.

ತನಿಖೆಗೆ ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು. ಅವರೂ ಹಿಂದೆ ಸೈಟುಗಳಲ್ಲಿ ಕೆಲಸ ಮಾಡಿದವರೇ. ಕಡಿಮೆ ಮಾತು. ಕೆಸರಲ್ಲಿ ಇಳಿಯುವಾಗ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೈ ಹಿಡಿಯಲು ಬಂದವರನ್ನು ಬೇಡ ಎನ್ನುತ್ತಿದ್ದರು. ಮೀಟರು ನೋಡಿದರು, ವಿದ್ಯುತ್ ಕಚೇರಿಯಿಂದ ಮಾಹಿತಿ ತರಿಸಿದರು, ಆಳುಗಳನ್ನು ಕೇಳಿದರು. ಪಂಪುಗಳು ನಿಂತಿರಲಿಲ್ಲ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. "ಆ ಸದ್ದು ನಿಂತಿದ್ರೆ ನಮಗೆ ಗೊತ್ತಾಗ್ತಿರಲಿಲ್ವಾ ಮೇಡಂ? ತಲೆನೋವು ಬರೋ ಹಾಗೆ ಕೂಗ್ತಾನೇ ಇತ್ತು" ಎಂದ ಮೇಸ್ತ್ರಿ. ಕುಸಿದ ಜಾಗದಲ್ಲಿ ಹಳೆಯ ಕೊಳಾಯಿಯ ತುಂಡೂ ಒಂದು ಸಿಕ್ಕಿತು, ತುಕ್ಕು ತಿಂದದ್ದು. ಇದನ್ನು ಅವನು ಇಟ್ಟಿರಲಿಲ್ಲ. ನೆಲವೇ ಅವನ ಪರವಾಗಿ ಸಾಕ್ಷಿ ಹೇಳುತ್ತಿರುವಂತೆ ಅನಿಸಿತು.

"ನಿಮ್ಮ ಅಭಿಪ್ರಾಯ ಏನು?" ಎಂದು ಅಧಿಕಾರಿ ಅವನನ್ನು ಕೇಳಿದರು.

"ಅಣ್ಣನ ಗೋಡೆ ಸರಿಯಾಗಿತ್ತು ಮೇಡಂ" ಎಂದ. ಹೇಳಿ, ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡ. ಅಣ್ಣನ ಮೇಲಿನ ಮಮತೆ ಎಂದು ಎಲ್ಲರೂ ತಿಳಿದರು.

ಸೈಟಿನಲ್ಲಿ ಯಾರೂ ಈಗ ಪಂಪಣ್ಣ ಎನ್ನುತ್ತಿರಲಿಲ್ಲ. ಉಗುರು ಕಿತ್ತುಹೋಗುವಂತೆ ಮಣ್ಣು ಬಗೆದವನನ್ನು ಹಾಗೆ ಕರೆಯಲು ಯಾರಿಗೂ ನಾಲಿಗೆ ಏಳಲಿಲ್ಲ. ಮೊದಲು ಚಿಕ್ಕವರು ಎಂದರು. ಕೆಲಸ ಮತ್ತೆ ಶುರುವಾದಾಗ ಯಾರ ಬಾಯಲ್ಲೋ ಮೊದಲ ಸಲ 'ದೊಡ್ಡವರು' ಎಂದು ಬಂತು, ಯಾರೂ ತಿದ್ದಲಿಲ್ಲ. ಅಳಿಯ ಗುಂಡಿಯ ಅಂಚಿಗೆ ಒಮ್ಮೆ ಬಂದು ಇಣುಕಿ, ಬೆಳ್ಳಗಾಗಿ, "ಚಿಕ್ಕಮಾವ, ಇದೆಲ್ಲ ನೀವೇ ನೋಡ್ಕೊಳ್ಳಿ" ಎಂದು ಹೊರಟುಹೋದ. ಪರವಾನಗಿ ವಾಪಸು ಕೊಡುವ ಬಗ್ಗೆಯೂ ಮಾತು ನಡೆದಿದೆ ಎಂದು ಸುದ್ದಿ ಬಂತು. ಅವನಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಎಚ್ಚರವಿದ್ದಾಗ ಮಾತ್ರ, ಯಾರಾದರೂ ಸುತ್ತಿಗೆಯಿಂದ ಕಬ್ಬಿಣ ತಟ್ಟಿದರೆ, ಮುಂದಿನ ಪೆಟ್ಟು ಬೀಳುವವರೆಗೆ ಉಸಿರು ಹಿಡಿದು ನಿಲ್ಲುತ್ತಿದ್ದ.

ಅಧಿಕಾರಿ ಕೊನೆಯ ಸಲ ಬಂದದ್ದು ಅಣ್ಣನ ಮನೆಗೆ. ಮಧ್ಯಾಹ್ನದ ಬಿಸಿಲು ನಡುಮನೆಯ ಅರ್ಧದವರೆಗೂ ಬಂದಿತ್ತು. ಅಣ್ಣನ ಹೆಲ್ಮೆಟ್ಟು, ಸುತ್ತಿಗೆ ತಂದಿದ್ದರು. ಅತ್ತಿಗೆ ಸುತ್ತಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಅದರ ಹಿಡಿಯ ಮೇಲೆ ಬೆರಳು ಆಡಿಸುತ್ತ ಕೂತರು.

"ಮನುಷ್ಯರ ತಪ್ಪು ಯಾವುದೂ ಕಾಣಿಸಲಿಲ್ಲ" ಎಂದರು ಅಧಿಕಾರಿ. "ಗೋಡೆದೂ ಅಲ್ಲ, ಪಂಪಿನದೂ ಅಲ್ಲ. ನೆಲದೊಳಗಿನದು ಯಾರ ಕೈಲಿದೆ? ನಾಳೆ ವರದಿ ಕೊಟ್ಟುಬಿಡ್ತೀನಿ."

"ನಿಮ್ಮ ಮೈದುನ ತುಂಬ ಒದ್ದಾಡಿದ್ರು" ಎಂದು ಅವರೇ ಅತ್ತಿಗೆಗೆ ಹೇಳಿದರು.

"ಅವರಿಗೆ ಅಣ್ಣ ಅಂದ್ರೆ ಜೀವ" ಎಂದರು ಅತ್ತಿಗೆ. ಅವನು ಕಿಟಕಿಯ ಕಡೆ ತಿರುಗಿ ನಿಂತ. ಇಷ್ಟೇ. ಮುಗಿಯಿತು. ಭುಜದ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗೆ ಅನಿಸಿತು.

ಆಗ ಬಾಗಿಲಲ್ಲಿ ಒಬ್ಬಾಕೆ ನಿಂತದ್ದು ಕಂಡಿತು. ಸೋಪಿನ ನೀರಿನಲ್ಲಿ ನೆಂದು ನೆಂದು ಬೆಳ್ಳಗೆ ಸುಕ್ಕುಗಟ್ಟಿದ ಕೈಗಳು, ಆ ಕೈಗಳ ಮೇಲೆ ಇಸ್ತ್ರಿ ಮಾಡಿ ಮಡಿಸಿದ ಅಂಗಿಗಳು. ಸೈಟಿನ ಹಿಂದಿನ ಓಣಿಯಲ್ಲಿ ಲಾಂಡ್ರಿ ಇಟ್ಟುಕೊಂಡಿದ್ದೇನೆ ಎಂದಳು. ಅವನು ಅವಳನ್ನು ಯಾವತ್ತೂ ನೋಡಿರಲಿಲ್ಲ.

"ಇವು ಅಣ್ಣಾವ್ರ ಅಂಗಿ ಅಮ್ಮ" ಎಂದು ಅತ್ತಿಗೆಯ ಮುಂದೆ ಇಟ್ಟಳು. "ಕೊಟ್ಟು ಹೋಗಿದ್ರು, ನನ್ನ ಹತ್ರಾನೇ ಉಳ್ಕೊಂಡ್ಬಿಟ್ವು." ಅಷ್ಟು ಹೇಳುವುದರಲ್ಲಿ ಅವಳ ದನಿ ಒಡೆಯಿತು. "ನಾನು ಕ್ಷಮೆ ಕೇಳೋಕೆ ಬಂದಿದ್ದೀನಮ್ಮ. ಅವತ್ತು ಅವ್ರನ್ನ ಬಾಯಿಗೆ ಬಂದ ಹಾಗೆ ಬೈದ್ಬಿಟ್ಟೆ."

"ಯಾಕೆ ಬೈದ್ರಿ?" ಅತ್ತಿಗೆ ಮೆಲ್ಲಗೆ ಕೇಳಿದರು.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಸೈಟಿನೋರು ನೀರು ಎಳೆಯೋಕೆ ಶುರು ಮಾಡಿದ ಮೇಲೆ ನಮ್ಮ ಬಾವಿ ಬತ್ತಿಹೋಯ್ತಮ್ಮ. ಅಳ್ತಾ ಹೋದೆ ಅಣ್ಣಾವ್ರ ಹತ್ರ. ಅವ್ರು ಚರಂಡಿಗೆ ಹೋಗೋ ಪೈಪಿಗೆ ಬೇಲಿ ಆಚೆ, ನಮ್ಮ ಗೋಡೆ ಹತ್ರ ಒಂದು ನಲ್ಲಿ ಹಾಕಿಸಿಕೊಟ್ರು. 'ನಮ್ಮ ಪಂಪು ಓಡೋವರೆಗೂ ನಿಮಗೆ ನೀರು ನಿಲ್ಲಲ್ಲಮ್ಮ' ಅಂತ ಮಾತು ಕೊಟ್ರು. ಆದ್ರೆ ಅವತ್ತು ಬೆಳಿಗ್ಗೆ ನೋಡ್ತೀನಿ, ನೀರು ಸಣ್ಣಗಾಗಿದೆ. ಊಟದ ಹೊತ್ತಿಗೆ ನಿಂತೇ ಹೋಯ್ತು. ಬಟ್ಟೆಗೆಲ್ಲ ಸೋಪು ಹಚ್ಚಿ ಕೂತಿದ್ದೆ, ಸಿಟ್ಟು ಬಂತು, ಮಾತಿಗೆ ತಪ್ಪಿದ್ರು ಅಂತ ಕೂತಲ್ಲೇ ಬೈದೆ. ಬೈದ ಬಾಯಿ ಮುಚ್ಚಿರಲಿಲ್ಲ, ಆ ಸದ್ದು ಕೇಳಿಸ್ತು." ಅವಳು ಎರಡೂ ಕೈ ಜೋಡಿಸಿದಳು. "ಸದ್ದು ನಿಲ್ತಿದ್ದ ಹಾಗೆ, ನಾನು ಮುಟ್ಟೇ ಇಲ್ಲ, ಆ ನಲ್ಲೀಲಿ ಧೋ ಅಂತ ನೀರು ಬಂತಮ್ಮ. ಪ್ರಾಣ ಹೋಗೋ ಹೊತ್ತಲ್ಲೂ ಆ ಮಹಾನುಭಾವ್ರು ಕೊಟ್ಟ ಮಾತು ಉಳಿಸ್ಕೊಂಡ್ರು." ಅತ್ತಿಗೆ ಅವಳ ಕೈ ಹಿಡಿದುಕೊಂಡು ಅಳತೊಡಗಿದರು. ಹೊರಡಲೆಂದು ಎದ್ದು ನಿಂತಿದ್ದ ಅಧಿಕಾರಿ ಮತ್ತೆ ಕೂತರು. ಅವರು ಆ ಹೆಂಗಸಿನ ಕಡೆ ನೋಡುತ್ತಿರಲಿಲ್ಲ. ಕಿಟಕಿಯ ಬಳಿ ನಿಂತವನ ಬೆನ್ನನ್ನು ನೋಡುತ್ತ, ಪಂಪು ಒಂದು ಕ್ಷಣವೂ ನಿಲ್ಲದ ಆ ಬೆಳಗು ನೀರು ಎಲ್ಲಿಗೆ ಹೋಗಿತ್ತು ಎಂದು ಮೆಲ್ಲಗೆ ಕೇಳಿದರು.